ಒಲೆಯ ಪಾಳಿ

ಲೋಟಾ ಪಟ್ಟಣ, ಜೂನ್ ೧೪, ಶುಕ್ರವಾರ

ಗುತ್ತಿಗೆದಾರನ ಕಡೆಯವನು ಇವತ್ತು ನಮ್ಮ ಸಾಲುಮನೆಗಳ ಬ್ರೆಡ್ ಒಲೆಗೆ ಸುಣ್ಣದಲ್ಲಿ ಗುರುತು ಹಾಕಿ ಹೋದ. ನಾಳೆ ಕೆಡವುತ್ತಾರಂತೆ. "ಗಣಿ ಮುಚ್ಚಿ ಯಾವ ಕಾಲ ಆಯ್ತು ದೋನ್ಯಾ ಎಲ್ಸಿರಾ, ಇನ್ನೂ ಈ ಇಟ್ಟಿಗೆ ಗುಡ್ಡೆ ಯಾಕೆ?" ಎಂದು ನನ್ನ ಮುಖ ನೋಡಿ ನಕ್ಕ.

ಗಣಿಯಲ್ಲಿ ಗಂಡಸರಿಗೆ ಇದ್ದ ಹಾಗೆ ಒಲೆಯಲ್ಲಿ ನಮ್ಮ ಹೆಂಗಸರಿಗೂ ಪಾಳಿ ಇತ್ತು. ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಗಣಿಯಲ್ಲಿ ಅವಘಡ ಎಂದೇ ಅರ್ಥ; ಆಗ ಎಲ್ಲರೂ ಗಣಿಯ ಬಾಯಿಗೆ ಓಡಬಹುದು, ಪಾಳಿಯವಳು ಮಾತ್ರ ಒಲೆ ಬಿಟ್ಟು ಕದಲುವಂತಿಲ್ಲ. ನಾನು ಚಿಕ್ಕವಳಿದ್ದಾಗ ಹಾಗೆ ಕೂಗಿದ ದಿನ ಪಾಳಿ ಅಮ್ಮನದು. ಅಪ್ಪ ಕೆಳಗಿದ್ದ, ಸಮುದ್ರದ ಅಡಿಗೆ ಚಾಚಿದ ಗಣಿಯ ಸುರಂಗದಲ್ಲಿ.

ಪಕ್ಕದ ಮನೆಯ ಉಬರ್ಲಿಂಡಾ ಓಡುತ್ತಿದ್ದವಳು ನಿಂತು ಬೈದಳು: "ಗಂಡ ಒಳಗಿದಾನೆ, ನೀನಿಲ್ಲಿ ಹಿಟ್ಟು ತಟ್ಕೊಂಡು ನಿಂತಿದೀಯಲ್ಲೇ! ನಿಂದೇನು ಎದೆನಾ, ಕಲ್ಲಾ?"

"ಮೇಲೆ ಬರೋರು ಹಸ್ಕೊಂಡು ಬರ್ತಾರೆ ಕಣೇ. ನೀನು ಓಡು," ಎಂದಳು ಅಮ್ಮ. ಅವಳ ಕಣ್ಣು ಮತ್ತೆ ಮತ್ತೆ ಗಣಿಯ ದಾರಿಗೆ ಹೋಗುತ್ತಿದ್ದದ್ದು ನನಗೊಬ್ಬಳಿಗೇ ಕಂಡಿತು. ಆದರೂ ಒಂದು ಬ್ರೆಡ್ಡೂ ಸೀಯಲಿಲ್ಲ.

ಅಪ್ಪ ಬಂದ. ಉಬರ್ಲಿಂಡಾಳ ಗಂಡ ಬರಲಿಲ್ಲ. ಅಮ್ಮ ಅಪ್ಪನ ಮುಖವನ್ನೂ ಸರಿಯಾಗಿ ನೋಡದೆ, ಮೊದಲ ಬಿಸಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಅವಳ ಮಡಿಲಲ್ಲಿಟ್ಟಳು. ಉಬರ್ಲಿಂಡಾ ಅದನ್ನು ತಿನ್ನಲಿಲ್ಲ. ಆರಿ ತಣ್ಣಗಾದ ಮೇಲೂ ಎದೆಗೆ ಒತ್ತಿಕೊಂಡೇ ಕೂತಿದ್ದಳು.

ಈಗ ಆ ಒಲೆಯ ಪಾಳಿಗೆ ಉಳಿದಿರುವುದು ನಾವು ಮೂವರು ಹೆಂಗಸರೇ. ನಾಳೆ ಪಾಳಿ ನನ್ನದು. ಬೆಳಕು ಹರಿಯುವ ಮೊದಲೇ ಬೆಂಕಿ ಹಾಕುತ್ತೇನೆ. ಉರಿಯುವ ಒಲೆಗೆ ಯಾರು ಹಾರೆ ಹಾಕುತ್ತಾರೋ ನೋಡೇಬಿಡೋಣ. ಹಿಟ್ಟು ನಾದಿ ನಾದಿ ತೋಳು ಸೋತಿದೆ, ಪೆನ್ನಿಗೂ ಹಿಟ್ಟು ಮೆತ್ತಿದೆ. ಬೇಕೆಂದೇ ಜಾಸ್ತಿ ನಾದಿದ್ದೇನೆ. ಕೆಡವಲು ಬರುವವರೂ ಹಸಿದುಕೊಂಡೇ ಬರುತ್ತಾರೆ.