ಆರು ಗಂಟೆಯ ದಾರಿ

ಜೊಹಾನ್ಸ್‌ಬರ್ಗ್,
ಅಕ್ಟೋಬರ್ ೧೭, ಗುರುವಾರ

ಎಬೋಗೆ,

ಕ್ಷೇಮ ವಿಚಾರಿಸುವ ಮನಸ್ಸಿಲ್ಲ. ಊರ ಹೆಸರು ನೋಡಿ ಬೆಚ್ಚಿಬಿದ್ದೆಯಾ? ಹೌದು, ನಿನ್ನ ಹೆಂಡತಿ ಎಕುವಾ ನಿನ್ನ ಅಡುಗೆಮನೆಯಲ್ಲೇ ಕೂತು ಬರೆಯುತ್ತಿದ್ದಾಳೆ.

ನಿನ್ನ ಅಪ್ಪ ತೀರಿಕೊಂಡದ್ದು ಆಗಸ್ಟ್‌ನಲ್ಲಿ. ಹಿರಿಮಗ ಬಂದು ಮೊದಲ ಹಿಡಿ ಮಣ್ಣು ಹಾಕಲಿ ಎಂದು ದೇಹವನ್ನು ಶವಾಗಾರದಲ್ಲಿಟ್ಟು ನಮ್ಮೂರು ಎಲ್ಮಿನಾದ ಬಂಧುಬಳಗವೆಲ್ಲ ಕಾದಿತು. ಬದುಕೆಲ್ಲ ಕಡಲಲ್ಲಿ ದೋಣಿ ಓಡಿಸಿದ ಮನುಷ್ಯ ಐಸಿನಲ್ಲಿ ಮಲಗಿದ್ದರು. ಫೋನ್ ಮಾಡಿದಾಗಲೆಲ್ಲ ನಿನ್ನದು ಒಂದೇ ರಾಗ: "ಅಕ್ರಾ ಏರ್‌ಪೋರ್ಟ್ ಅಂದ್ರೆ ಪಕ್ಕದ ಬೀದಿ ಅಂದ್ಕೊಂಡ್ಯಾ? ನಾಲ್ಕೂವರೆ ಸಾವಿರ ಕಿಲೋಮೀಟರ್ ಕಣೇ! ನೈರೋಬಿಗೆ ಹೋಗಿ, ರಾತ್ರಿ ಅಲ್ಲೇ ಬಿದ್ದಿದ್ದು, ಇನ್ನೊಂದು ವಿಮಾನ ಹಿಡೀಬೇಕು. ಹೋಗೋಕೆ ಎರಡು ದಿನ, ಬರೋಕೆ ಎರಡು ದಿನ. ರಜಾ ಯಾರು ಕೊಡ್ತಾರೆ?" ನಂಬಿದೆ. ನಿನ್ನ ಸೋದರಮಾವನ ಮುಂದೆ ನಿನ್ನ ಪರವಾಗಿ ವಾದವನ್ನೂ ಮಾಡಿದೆ. ಮಣ್ಣು ಮಾಡುವ ದಿನ ಮತ್ತೆ ಮತ್ತೆ ಮುಂದೆ ಹೋಯಿತು.

ಆಮೇಲೆ ಬಟ್ಟೆ ವ್ಯಾಪಾರಕ್ಕೆಂದು ಜೊಹಾನ್ಸ್‌ಬರ್ಗ್‌ಗೆ ಹೋಗಿಬರುವ ಮಾನ್ಸಾ ಮಾತಾಡಿಸಲು ಬಂದಳು. ಎರಡು ದಿನದ ಪ್ರಯಾಣವಂತೆ ಎಂದು ನಾನು ಹೇಳಿದ್ದೇ ತಡ, ಸಾವಿನ ಮನೆ ಎನ್ನುವುದನ್ನೂ ಮರೆತು ನಕ್ಕುಬಿಟ್ಟಳು. "ನಿನ್ ಗಂಡ ಈಜ್ಕೊಂಡು ಬರ್ತಾನೇನೇ? ನೇರ ವಿಮಾನ ಇದೆ, ಆರೇ ಗಂಟೆ. ಅಲ್ಲಿ ತಿಂಡಿ ತಿಂದು ಹತ್ತಿದ್ರೆ ಸಂಜೆಗೆ ಅಕ್ರಾದಲ್ಲಿ ಮೀನು, ಕೆಂಕಿ ಉಂಡೆ ತಿನ್ನಬಹುದು. ನಾನು ಬರೋದೇ ಅದ್ರಲ್ಲಿ." ಅಲ್ಲೇ ಕೂತಿದ್ದ ನಿನ್ನ ಅಮ್ಮ ತಲೆ ತಗ್ಗಿಸಿದರು. ಅದಕ್ಕಾಗಿ ನಿನ್ನನ್ನು ನಾನು ಎಂದೂ ಕ್ಷಮಿಸುವುದಿಲ್ಲ.

ನಿನಗೆ ಫೋನ್ ಮಾಡಿ ಕಿರುಚಿದೆ. ಶನಿವಾರ ಬಂದೇ ಬರ್ತೀನಿ ಎಂದು ಆಣೆ ಇಟ್ಟೆ ನೀನು. ಶನಿವಾರ ವಿಮಾನ ಬಂತು, ನೀನು ಬರಲಿಲ್ಲ. ಫೋನ್ ಬಂದ್. ಸಂಜೆಯವರೆಗೆ ಕಾದ ಸೋದರಮಾವ, "ಸಾಕು. ಸತ್ತೋನಿಗೆ ಇನ್ನೆಷ್ಟು ಅವಮಾನ ಮಾಡೋದು?" ಎಂದು ಎದ್ದರು. ಮೊದಲ ಹಿಡಿ ಮಣ್ಣನ್ನು ನಮ್ಮ ಮಗಳು ಅಬಾ ಹಾಕಿದಳು.

ಹಿಂದೆ ನಿನಗೆ ಪಾರ್ಸೆಲ್ ಕಳಿಸುತ್ತಿದ್ದ ವಿಳಾಸ ಹಿಡಿದು ನಾನೇ ಹೊರಟೆ. ಮಾನ್ಸಾ ಹೇಳಿದ್ದು ನಿಜ: ಒಂದು ಊಟ, ಒಂದು ನಿದ್ದೆ, ಇಳಿದೆ. ನಿದ್ದೆ ಬರುವವರೆಗೂ ನಿನಗೆಂದು ಬೈಗುಳ ಜೋಡಿಸಿಕೊಳ್ಳುತ್ತಿದ್ದೆ. ಬಾಗಿಲು ತೆರೆದವಳು ನೊಮ್ಸಾ. ನಾನು ಯಾರೆಂದು ಹೇಳಿದೆ. ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಬಾಗಿಲಿಗೆ ಒರಗಿಕೊಂಡು, "ಹೆಂಡ್ತಿ ಸತ್ತುಹೋದ್ಲು ಅಂದಿದ್ದ. ಅಪ್ಪನ ಮಣ್ಣಿಗೆ ಅಂತ ನಿಮ್ಮೂರಿಗೇ ಹೋಗಿದಾನಲ್ಲ, ಎರಡು ವಾರ ಆಯ್ತು!" ಎಂದಳು.

ಎಬೋ, ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಈಗ ಯಾವಳ ಮನೆಯಲ್ಲಿ ಕೂತು ಯಾವ ಊರಿನ ದೂರ ಅಳೆಯುತ್ತಿದ್ದೀಯೋ, ತಿಳಿಯುವ ಆಸೆ ನನಗಿಲ್ಲ. ನಿನ್ನ ಅಮ್ಮ ನನ್ನ ಜೊತೆಗೇ ಇರುತ್ತಾರೆ. ಎಲ್ಮಿನಾಕ್ಕೆ ಬಂದರೆ ಸೋದರಮಾವನ ಅಂಗಳದಲ್ಲಿ ಎಲ್ಲರೆದುರು ನಿಂತು ಮಾತಾಡು. ನನ್ನ ಹೊಸ್ತಿಲು ತುಳಿಯಬೇಡ.

ಇಲ್ಲಿಯವರೆಗೆ ನಿನ್ನ ಹೆಂಡತಿಯಾಗಿದ್ದ,
ಎಕುವಾ

ತಾ.ಕ.: ಪತ್ರವನ್ನು ನಾನೂ ನೊಮ್ಸಾಳೂ ಗೇಟಿನ ಕಾವಲುಗಾರನ ಕೈಯಲ್ಲಿ ಕೊಟ್ಟು ಹೋಗುತ್ತೇವೆ. ಬೀಗ ಬದಲಾಗಿದೆ, ಸುಮ್ಮನೆ ಮೆಟ್ಟಿಲು ಹತ್ತಬೇಡ. ನಿನ್ನ ಅಪ್ಪನಿಗೆ ಹೊದಿಸಲೆಂದು ನೊಮ್ಸಾ ನಿನ್ನ ಕೈಯಲ್ಲಿ ಒಂದು ಕಂಬಳಿ ಕೊಟ್ಟಿದ್ದಳಂತೆ. ಅದು ಮಂಚದ ಕೆಳಗೆ ಸಿಕ್ಕಿತು. ಸಮಾಧಿಯ ಮೇಲಾದರೂ ಹೊದಿಸಿ ಬರುತ್ತೇನೆ ಎನ್ನುತ್ತಾಳೆ. ನಾಳೆ ಇಬ್ಬರೂ ಹೊರಡುತ್ತಿದ್ದೇವೆ.