ಅತ್ತೆ ಕಟ್ಟಿದ ಬೆಳ್ಳಿ ಪದಕ

ಜನವರಿ ೧೮, ಭಾನುವಾರ

ಮಧ್ಯಾಹ್ನದಿಂದ ಕೊರಳಿನ ಪದಕ ಭಾರವೆನಿಸುತ್ತಿದೆ. ಹೋದ ವಾರ ನಿಶ್ಚಿತಾರ್ಥದಲ್ಲಿ ಗಂಗಾನಗರದ ಭಾವೀ ಅತ್ತೆ ತಾವೇ ದಾರಕ್ಕೆ ಪೋಣಿಸಿ ಕಟ್ಟಿದ್ದು. ಮಗ ವೇಣು ನನ್ನನ್ನು ಚಿನ್ನ ಎನ್ನುತ್ತಾನೆ, ಅಮ್ಮ ಬೆಳ್ಳಿಯಲ್ಲೇ ಮುಗಿಸಿದರು ಎಂದು ನಗಾಡಿದ್ದೆ. ಆದರೂ ಆ ಹಳೆಯ ಕುಸುರಿಗೆ ಮರುಳಾಗಿದ್ದೆ. ಉಗುರಗಲದ ತಗಡಿನಲ್ಲಿ ಉಬ್ಬಿಸಿದ ಹೆಣ್ಣು, ಅವಳ ಸೆರಗಿನ ನೆರಿಗೆ, ಮೂಗುತಿಯ ಚುಕ್ಕೆ ಕೂಡ ಕಾಣುತ್ತದೆ. ಲಕ್ಷ್ಮಿ ಎಂದುಕೊಂಡು ದಿನವೂ ಕುಂಕುಮ ಇಡುತ್ತಿದ್ದೆ.

ಇಂದು ಚಿಕ್ಕಬಾಣಾವರದಿಂದ ಬಂದ ಅಜ್ಜಿ ಅದನ್ನು ಹಿಡಿದು ನೋಡಿದರು.

"ಯಾರವ್ವ ಕಟ್ಟಿದ್ದು ಇದನ್ನ?"

"ಅತ್ತೆ. ವಿಂಟೇಜ್ ಪದಕ ಅಜ್ಜಿ, ನಿಮ್ ಥರಾನೇ."

ಅಜ್ಜಿ ನಗಲಿಲ್ಲ. "ಲಕ್ಷ್ಮಿ ಆದ್ರೆ ಕೈಯಾಗೆ ತಾವರೆ ಎಲ್ಲೈತೆ? ಸತ್ತೋದ ಮೊದಲ್ನೇ ಎಂಡ್ತೀನ ಇಂಗೆ ಬೆಳ್ಳೀಲಿ ಮಾಡ್ಸಿ, ಆಮೇಲೆ ಬರೋಳ ಕೊರಳ್ಗೆ ಕಟ್ತಾರೆ ಕಣೆ. ಅವಳ ಕಣ್ಣು ಬೀಳ್ದಿರ್ಲಿ ಅಂತ."

ವೇಣುವಿಗೆ ಮೊದಲೇ ಮದುವೆಯಾಗಿತ್ತೆಂದು ಯಾರೂ ಹೇಳಿರಲಿಲ್ಲ. ಸಂಜೆ ಫೋನಿನಲ್ಲಿ ನೇರವಾಗಿಯೇ ಕೇಳಿದೆ. "ಈ ಪದಕದಲ್ಲಿರೋದು ಯಾರು?"

ಅವನು ತಿರುಗಿ ಕೇಳಿದ, "ತೆಗೆದ್ಯಾ ಅದನ್ನ?"

"ಇಲ್ಲ."

"ತೆಗೀಬೇಡ ನಯನಾ, ಪ್ಲೀಸ್. ಎರಡ್ನೇವಳು ತೆಗೆದಿಟ್ಟಿದ್ಲು, ಉಳೀಲಿಲ್ಲ."

ಕೈ ದಾರದ ಗಂಟಿನ ಮೇಲಿದೆ. ಬಿಚ್ಚಿದರೆ...