ಆಕಳಿಸಿದಾಗ ಎದ್ದ ಕೈ

ಪುನಶ್ಚೇತನ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಗಂಡನ ಬಲಗೈಯನ್ನು ನೀವು ಒಮ್ಮೆಯೂ ಮುಟ್ಟಲಿಲ್ಲ. ಪಾರ್ಶ್ವವಾಯು ಹೊಡೆದು ವರ್ಷ ದಾಟಿದೆ ಎಂದು ಫೈಲಿನಲ್ಲಿ ಓದಿ, "ಇನ್ನು ಈ ಕೈ ಏಳುವುದಿಲ್ಲ, ವ್ಯಾಯಾಮ ಸಾಕು ಮಾಡಿ" ಎಂದಿರಿ. ರಸ್ತೆಬದಿಯಲ್ಲಿ ಕೂತು ಭವಿಷ್ಯ ಹೇಳುವವನೂ ಮೊದಲು ಕೈ ಹಿಡಿದು ನೋಡುತ್ತಾನೆ. ಅವನಿಗಿರುವಷ್ಟು ಸಂಕೋಚ ನಿಮಗೇಕಿಲ್ಲ?

ನನ್ನ ಗಂಡ ಕ್ಷೌರಿಕರು. ಮಾತಿಗೇನೂ ಲಕ್ವ ಹೊಡೆದಿರಲಿಲ್ಲ. ನೀವು ಮಿದುಳಿನ ಚಿತ್ರ ತೋರಿಸಿ ವಿವರಿಸುತ್ತಿದ್ದಾಗ ನನ್ನ ಕಿವಿಯಲ್ಲಿ, "ಈ ಸಾಹೇಬರ ಕಟಿಂಗ್ ಮಾಡಿದವನಿಗೆ ಎರಡೂ ಕೈ ಬಿದ್ದಿರಬೇಕು ಕಣೇ" ಎಂದು ಪಿಸುಗುಟ್ಟಿ ಆಕಳಿಸಿದರು. ಆಕಳಿಕೆಯ ಜತೆಗೇ, ತೊಡೆಯ ಮೇಲೆ ಬಿದ್ದಿದ್ದ ಬಲಗೈ ತಾನಾಗಿ ಎದೆಮಟ್ಟಕ್ಕೆ ಎದ್ದಿತು. ನೀವು ಮಾತು ನಿಲ್ಲಿಸಿ, "ಏನು, ಪ್ರಶ್ನೆ ಇದೆಯಾ?" ಎಂದಿರಿ.

"ಏಳಲ್ಲ ಅಂದ್ರಲ್ಲ ಸಾರ್, ಎದ್ದಿತಲ್ಲ" ಎಂದೆ ನಾನು.

"ಅದು ಆಕಳಿಕೆ ಕಣಮ್ಮ. ಲೆಕ್ಕಕ್ಕಿಲ್ಲ."

"ಹಾಗಾದ್ರೆ ಇನ್ನೂ ಸ್ವಲ್ಪ ಮಾತಾಡಿ ಸಾರ್," ಎಂದರು ಅವರು, "ನೀವು ಮಾತಾಡಿದಷ್ಟು ಹೊತ್ತೂ ನಂಗೆ ವ್ಯಾಯಾಮ ಆಗುತ್ತೆ."

ಆಕಳಿಕೆಯಲ್ಲಿ ಎದ್ದ ಕೈ ಗುಣವಾದ ಕೈ ಅಲ್ಲ ಎಂಬುದು ನಿಜವೇ ಇರಬಹುದು. ನಾನು ಓದಿದ್ದು ಕಡಿಮೆ. ಆದರೆ ಕಣ್ಣೆದುರು ಅಲ್ಲಾಡಿದ್ದನ್ನು ಕಂಡ ಮೇಲೂ, ಬೆರಳಲ್ಲಿ ಹಿಡಿತ ಉಳಿದಿದೆಯೇ ಎಂದು ನೋಡಲು ಏನು ಅಡ್ಡಿಯಿತ್ತು? ಕೈಗೆ ಕ್ಯಾಲೆಂಡರ್ ಓದಲು ಬರುತ್ತದೆಯೇ?

ಮನೆಯಲ್ಲಿ ನಾವಿಬ್ಬರೇ ಮುಂದುವರಿಸಿದೆವು. ಟವೆಲ್ ಹಿಂಡುವುದು, ಬ್ರಷ್ ಹಿಡಿಯುವುದು. ನಿಧಾನವಾಗಿ, ನಿಮ್ಮನ್ನು ಬೈದುಕೊಂಡು ಬೈದುಕೊಂಡು, ಬೆರಳುಗಳು ಬಾಚಣಿಗೆ ಹಿಡಿಯುವಷ್ಟಾದವು. ಕತ್ತರಿ ಹಿಡಿಯಲು ಕೊನೆಗೂ ಆಗಲಿಲ್ಲ, ಸುಳ್ಳು ಹೇಳಲಾರೆ. ದಿನಾ ಬೆಳಿಗ್ಗೆ ನನ್ನ ತಲೆ ಬಾಚುತ್ತಿದ್ದರು. ಬೈತಲೆ ಹಾವು ಹರಿದಂತೆ ಹೋಗುತ್ತಿತ್ತು. "ಈಗಿನ ಫ್ಯಾಷನ್ನೇ ಇದು, ಸುಮ್ನಿರು" ಎನ್ನುತ್ತಿದ್ದರು. ಹೋದ ತಿಂಗಳು ಹೃದಯ ನಿಂತು ತೀರಿಕೊಂಡರು. ನನ್ನ ಬೈತಲೆ ಈಗ ನೆಟ್ಟಗಿದೆ.

ಬರುವ ಸೋಮವಾರ ನನ್ನ ನಾದಿನಿ ನಿಮ್ಮ ಕೋಣೆಗೆ ಬರುತ್ತಾಳೆ. ಬಿ.ಪಿ. ಎಂಬುದು ನನ್ನ ಗಂಡನ ಮನೆತನದ ಆಸ್ತಿ. ಆ ಪಾಲಿನಲ್ಲಿ ಇವಳಿಗೂ ಲಕ್ವ ಹೊಡೆದು ಎಡಗೈ ಬಿದ್ದಿದೆ. ಇವಳದೂ ವರ್ಷ ದಾಟಿದೆ. ನನ್ನ ಬೇಡಿಕೆ ಇಷ್ಟೇ: ಫೈಲ್ ಮುಚ್ಚಿಟ್ಟು, ಮೊದಲು ಆ ಕೈ ಹಿಡಿದು ನೋಡಿ. ಬೆರಳು ಮಡಚಲು ಹೇಳಿ. ಆಮೇಲೆ ಇಲ್ಲ ಎಂದರೆ ಒಪ್ಪಿಕೊಳ್ಳುತ್ತೇವೆ. ಒಂದು ವೇಳೆ ನಿಮ್ಮ ಮಾತು ಉದ್ದವಾಗಿ, ಅವಳೂ ಆಕಳಿಸಿ, ಆ ಕೈ ಎದ್ದರೆ, ಅಂದಿನಂತೆಯೇ ಪ್ರಶ್ನೆ ಇದೆ ಎಂದು ತಿಳಿಯಿರಿ. ಈ ಸಲ ಉತ್ತರ ಕೊಡಿ.

ಇಂತಿ,
ಲೆಕ್ಕಕ್ಕಿಲ್ಲದ ಕೈಯಿಂದ ತಲೆ ಬಾಚಿಸಿಕೊಂಡವಳು